ಬೆಲ್ಟು ಸರಿಯುವ ಮುಂಚಿನ ಮಾತು

1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಕಚೇರಿ ಕೆಲಸಕ್ಕೆ ಎತ್ತ ಹೋದರೂ ಎದೆ ಬಿಗಿತ, ಏದುಸಿರು ಎಂದರೆ ಅನೇಕರು ಹತ್ತುತ್ತಿದ್ದುದು ದಾವಣಗೆರೆ ಬಸ್ಸನ್ನೇ. 1965ರಿಂದಲೂ ಅಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇತ್ತು.

ಸರಿಯುವ ಬೆಲ್ಟಿನ ಮೇಲೆ ನಡೆಸಿ ಹೃದಯ ನೋಡುವ ಟ್ರೆಡ್‌ಮಿಲ್ ಪರೀಕ್ಷೆ ಬಂದ ಹೊಸತರಲ್ಲಿ ಆ ಪರೀಕ್ಷೆಯ ಕೋಣೆಯಲ್ಲಿದ್ದ ನರ್ಸೊಬ್ಬರಿಗೆ ಜಗಳೂರು ಕಡೆಯ ಅಜ್ಜಿ ಇವತ್ತಿಗೂ ನೆನಪು. ರಕ್ತ ಪರೀಕ್ಷೆಯ ಹಾಗೇ ಇರಬೇಕೆಂದು ಅಜ್ಜಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಗಂಡಸರು ಓಡಾಡುತ್ತಿದ್ದ ಕಡೆ ರವಿಕೆ ಬಿಚ್ಚಿ ಎಂದಾಗ ಕುಗ್ಗಿಹೋದರು. ಬೆಲ್ಟು ಸರಿಯತೊಡಗಿದ್ದೇ ಎರಡೂ ಕೈಯಲ್ಲಿ ಕಂಬಿ ಬಿಗಿಹಿಡಿದರು. ನೆರಿಗೆ ಕಾಲಿಗೆ ಸಿಕ್ಕಿತು. ಪರೀಕ್ಷೆ ಅರ್ಧಕ್ಕೇ ನಿಂತಿತು.

ಇಂಥ ಗಾಬರಿಯಿಂದ ಕೆಡುವುದು ಮನಸ್ಸೊಂದೇ ಅಲ್ಲ, ವರದಿಯೂ ಹೌದು. ಟ್ರೆಡ್‌ಮಿಲ್ ಪರೀಕ್ಷೆಯ ಬ್ರೂಸ್ ಎಂಬ ಕ್ರಮದಲ್ಲಿ 3 ನಿಮಿಷಕ್ಕೊಮ್ಮೆ ಬೆಲ್ಟಿನ ವೇಗವೂ ಏರೂ ಹೆಚ್ಚುತ್ತವೆ. ಕಂಬಿಗೆ ಜೋತುಬಿದ್ದರೆ ಮೈಮೇಲಿನ ಭಾರ ಇಳಿದು ಲೆಕ್ಕ ತಪ್ಪುತ್ತದೆ. ಹೆದರಿ ಬೇಗ ಇಳಿದುಬಿಟ್ಟರೆ ಹೃದಯದ ತೊಂದರೆ ಕಾಣಿಸದೆಯೇ ಉಳಿಯಬಹುದು.

ಬದಲಾವಣೆ ನಿಧಾನಕ್ಕೆ ಬಂತು. ಪರದೆ, ಮುಂದೆ ಕಟ್ಟುವ ಗೌನು, ಹೆಂಗಸರಿಗೆ ಹೆಂಗಸರೇ ಎಲೆಕ್ಟ್ರೋಡ್ ಅಂಟಿಸುವುದು. ಗಂಡಸರಿಗೂ “ಯಜಮಾನ್ರೇ, ಎದೆ ಕೂದ್ಲು ಸ್ವಲ್ಪ ತೆಗೀಬೇಕು, ಇಲ್ಲಾಂದ್ರೆ ಪಟ್ಟಿ ಅಂಟಲ್ಲ, ತೆಗೀಲಾ?” ಎಂದು ಕೇಳಿಯೇ ಬ್ಲೇಡು ಎತ್ತುವ ರೂಢಿ. ಹಿಂದೆಯೂ ಹೀಗೇ, ಯುವತಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿದ್ದರಿಂದಲೇ 1816ರಲ್ಲಿ ಸ್ಟೆತಸ್ಕೋಪ್ ಹುಟ್ಟಿತು. ರೋಗಿಯ ಮಾನ ಕಾಯಲು ಹೊರಟದ್ದರಿಂದ ವೈದ್ಯಕ್ಕೇ ಲಾಭವಾಯಿತು.

ಪರೀಕ್ಷೆಗೆ ಮುಂಚಿನ ಪ್ರಶ್ನೆಗಳೂ ಬದಲಾದವು. ಮಹಡಿ ಹತ್ತಿದರೆ ಏದುಸಿರೇ ಎಂದು ಮಹಡಿಯೇ ಇಲ್ಲದ ಮನೆಯವರನ್ನು ಕೇಳಿ ಪ್ರಯೋಜನವೇನು? ಅಡಿಕೆ ಮೂಟೆ ಎತ್ತುವಾಗ ಹೇಗಾಗುತ್ತದೆ ಎಂದರೆ ಚನ್ನಗಿರಿಯವರು ತಟ್ಟನೆ ಹೇಳುತ್ತಾರೆ.

ಹೃದಯ, ಶ್ವಾಸಕೋಶ ಎರಡನ್ನೂ ಒಟ್ಟಿಗೆ ಅಳೆಯುವ ಸಿ.ಪಿ.ಇ.ಟಿ. ಪರೀಕ್ಷೆಯಲ್ಲಂತೂ ಮುಂಚಿನ ಮಾತು ಇನ್ನೂ ಮುಖ್ಯ. ಸಾಮಾನ್ಯವಾಗಿ 8ರಿಂದ 12 ನಿಮಿಷ ಸೈಕಲ್ ತುಳಿಯಬೇಕು. ಮೂಗು, ಬಾಯಿ ಮುಚ್ಚಿದ ಮಾಸ್ಕ್ ಒಂದೊಂದು ಉಸಿರಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡಿನ ಲೆಕ್ಕ ಕೊಡುತ್ತದೆ. ರೋಗಿ ಬಾಯಿಬಿಟ್ಟು ಹೇಳುವಂತಿಲ್ಲ. ಅದಕ್ಕೇ ಮಾಸ್ಕ್ ಹಾಕುವ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಬೇಕು: ನೋವಾದರೆ ಎದೆ ಮುಟ್ಟಿ, ಸಾಕೆನಿಸಿದರೆ ಕೈ ಎತ್ತಿ. ಗಾಳಿ ಧಾರಾಳವಾಗಿ ಬರುತ್ತದೆ ಎಂಬುದನ್ನು ಮಾಸ್ಕ್ ಕೈಗೆ ಕೊಟ್ಟು, ಮುಖಕ್ಕೆ ಹಿಡಿಸಿ ತೋರಿಸಬೇಕು.

ಆ ನರ್ಸಿನ ಒತ್ತಾಯ ಒಂದೇ. ತಯಾರಿ ಶುರುವಾಗಬೇಕಾದ್ದು ತಾಲ್ಲೂಕು ಆಸ್ಪತ್ರೆಯಲ್ಲಿ, ಪರೀಕ್ಷೆಗೆ ಕಳಿಸುವ ಚೀಟಿ ಬರೆಯುವ ಹೊತ್ತಿನಲ್ಲೇ. ಎರಡು ಮೂರು ಗಂಟೆ ಮುಂಚೆ ಲಘು ತಿಂಡಿ; ಕಾಫಿ, ಬೀಡಿ ಬೇಡ; ಸಡಿಲ ಉಡುಪು; ದಿನದ ಮಾತ್ರೆ ನುಂಗಬೇಕೋ ಬೇಡವೋ ವೈದ್ಯರನ್ನೇ ಕೇಳಿ. ಇಷ್ಟನ್ನು ಕನ್ನಡದ ದೊಡ್ಡಕ್ಷರದಲ್ಲಿ ಬರೆದುಕೊಡಬೇಕು, ಓದು ಬಾರದವರಿಗೆ ಜೊತೆಗೆ ಬಂದವರ ಎದುರೇ ಓದಿ ಹೇಳಬೇಕು.