ಹಳದಿ ಗುಳಿಗೆ

ರೋಗದಿಂದ ಗುಣಹೊಂದಿದವನ ಸಂತೋಷವನ್ನು ಎಲ್ಲರೂ ಬಲ್ಲರು. ಆದರೆ ತನ್ನನ್ನು ಬಿಟ್ಟುಹೋದ ರೋಗವೇ ತನ್ನವರನ್ನು ಕೊಂಡೊಯ್ದಿತೆಂದು ತಿಳಿದವನ ಮನೋಭಾರವನ್ನು ಬಲ್ಲವರು ವಿರಳ. ಗೇರುಸೊಪ್ಪೆಯ ಸಮೀಪದ ಒಂದು ತೋಟದ ಮನೆಯ ಹಿರಿಯ ಮಗನು ಅಂತಹ ಭಾರವನ್ನು ಹೊತ್ತು ಬಾಳಿದವನು.

ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ಗೇರುಸೊಪ್ಪೆಯು ಹೊನ್ನಾವರ ತಾಲ್ಲೂಕಿನಲ್ಲಿ ಘಟ್ಟದ ಬುಡದಲ್ಲಿದೆ. ಅಡಿಕೆಯ ತೋಟಗಳಿಗೆ ಜೀವವೂಡುವ ತಿಳಿಹಳ್ಳಗಳೇ ಅಲ್ಲಿ ಸೊಳ್ಳೆಗಳ ತವರೂ ಆಗಿದ್ದವು. ಮಳೆಗಾಲ ಹಿಂದೆ ಸರಿಯುತ್ತಲೇ ಚಳಿಜ್ವರವು ಮನೆಮನೆಯ ಬಾಗಿಲನ್ನು ತಟ್ಟುತ್ತಿತ್ತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯುತ್ತಿತ್ತು. ಕಂಬಳಿ, ಕಷಾಯ, ದೇವರ ಹರಕೆ ಇವಿಷ್ಟೇ ಜನರ ಪಾಲಿನ ಚಿಕಿತ್ಸೆ.

ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿದ ಆ ತರುಣನು 1943ರಲ್ಲಿ ಸೈನ್ಯದಲ್ಲಿ ಗುಮಾಸ್ತನಾದನು. ಮರುವರ್ಷ ಅವನ ತುಕಡಿಯು ಮಣಿಪುರದ ಗಡಿಯಲ್ಲಿತ್ತು. ಬರ್ಮಾದ ರಣಾಂಗಣದಲ್ಲಿ ಶತ್ರುವಿನ ಗುಂಡಿಗಿಂತ ರೋಗವೇ ಘೋರವಾಗಿತ್ತು. 1943ರಲ್ಲಿ ಗಾಯಗೊಂಡು ಹಿಂದಿರುಗಿದ ಒಬ್ಬ ಸೈನಿಕನಿಗೆ ರೋಗದಿಂದ ಹಿಂದಿರುಗಿದವರು 120 ಮಂದಿ ಎಂದು ಸೇನಾನಿ ಸ್ಲಿಮ್ ಬರೆದಿದ್ದಾನೆ. ಈ ತರುಣನೂ ಜ್ವರಕ್ಕೆ ತುತ್ತಾದನು. ಬೆಳಗಾವಿಗೆ ವರ್ಗವಾಗಿ ಬಂದ ಮೇಲೆ ಅದು ಮರುಕಳಿಸಲು, ಅವನನ್ನು ದಂಡಿನ ಹಳೆಯ ಆಸ್ಪತ್ರೆಗೆ ಸೇರಿಸಿದರು.

ಹೆಂಚಿನ ಎತ್ತರದ ಮಾಡು, ಉದ್ದನೆಯ ಜಗಲಿ, ಸಾಲಾಗಿ ಹಾಸಿದ ಕಬ್ಬಿಣದ ಮಂಚಗಳು, ಮಂಚಕ್ಕೊಂದು ಸೊಳ್ಳೆಪರದೆ. ಸೂರ್ಯ ಮುಳುಗುವ ಮುನ್ನ ಪರದೆ ಇಳಿಯಲೇಬೇಕೆಂಬುದು ಅಲ್ಲಿಯ ಕಟ್ಟಳೆ. ಅದಕ್ಕೆ ಕಾರಣವನ್ನು ವೈದ್ಯರೇ ಒಂದು ಸಂಜೆ ತಿಳಿಸಿದರು. 1897ರ ಆಗಸ್ಟ್ 20ರಂದು, ಸಿಕಂದರಾಬಾದಿನ ಬೇಗಂಪೇಟೆಯ ಸೈನಿಕ ಆಸ್ಪತ್ರೆಯಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಜಠರದೊಳಗೆ ಮಲೇರಿಯದ ರೋಗಾಣುವನ್ನು ಕಂಡಿದ್ದನು. ಹಳ್ಳದ ನೀರು ಕುಡಿದರೆ ಚಳಿಜ್ವರವೆಂದು ನಂಬಿ ಬೆಳೆದ ತರುಣನಿಗೆ ಆ ಮಾತು ಕಣ್ಣು ತೆರೆಸಿತು.

ಅಲ್ಲಿ ದಿನವೂ ಕೊಡುತ್ತಿದ್ದ ಮದ್ದು ಮೆಪಾಕ್ರಿನ್ ಎಂಬ ಕಹಿಯಾದ ಹಳದಿ ಗುಳಿಗೆ. ಜಗತ್ತಿನ ಕ್ವಿನೈನಿನ ಬಹುಪಾಲನ್ನು ಒದಗಿಸುತ್ತಿದ್ದ ಜಾವಾ ದ್ವೀಪವು 1942ರಲ್ಲಿ ಜಪಾನಿನ ವಶವಾದುದರಿಂದ ಸೈನ್ಯವು ಈ ಗುಳಿಗೆಯನ್ನೇ ನೆಚ್ಚಿತ್ತು. ಅದನ್ನು ನುಂಗಿದವರ ಮೈಯೂ ಹಳದಿಗೆ ತಿರುಗುತ್ತಿತ್ತು.

ಒಂದು ದಿನ ಭಟ್ಕಳದಲ್ಲಿದ್ದ ಅಕ್ಕನ ಪತ್ರ ಬಂದಿತು. ಹನ್ನೆರಡು ವರ್ಷದ ತಮ್ಮನಿಗೆ ಜ್ವರ. ಹೊನ್ನಾವರದಲ್ಲಿ ಹುಡುಕಿದರೂ ಕ್ವಿನೈನು ಸಿಗಲಿಲ್ಲ. ಅಂದಿನಿಂದ ಅಣ್ಣನು ಗುಳಿಗೆಯನ್ನು ನುಂಗಿದಂತೆ ನಟಿಸಿ ದಿಂಬಿನಡಿಯಲ್ಲಿ ಬಚ್ಚಿಡತೊಡಗಿದನು. ನಾಲ್ಕನೆಯ ದಿನ ಮೈ ಮತ್ತೆ ನಡುಗಿತು, ಗುಟ್ಟು ಬಯಲಾಯಿತು. ಶಿಕ್ಷೆಯನ್ನು ಎದುರುನೋಡುತ್ತಿದ್ದವನ ಬಳಿ ಕುಳಿತು ವೈದ್ಯರು, “ಅರ್ಧ ಮದ್ದು ನಿನ್ನನ್ನೂ ಉಳಿಸದು, ಅವನನ್ನೂ ಉಳಿಸದು. ನೀನು ಮೊದಲು ಎದ್ದು ನಿಲ್ಲು” ಎಂದರು. ಅವನು ಗುಳಿಗೆಗಳನ್ನು ನುಂಗಿದನು. ಎಂಟು ದಿನಗಳ ಮೇಲೆ ಅಕ್ಕನ ಎರಡನೆಯ ಪತ್ರ ಬಂದಿತು. ಅದನ್ನು ಓದಿದವನು ಮಾತನಾಡಲಿಲ್ಲ. ಆ ಸಂಜೆ ಅವನ ಮಂಚದ ಪರದೆಯನ್ನು ಪಕ್ಕದ ಮಂಚದವನು ಎದ್ದು ಬಂದು ಇಳಿಸಬೇಕಾಯಿತು.

ರಜೆಯ ಮೇಲೆ ಊರಿಗೆ ಬಂದ ಮಗನ ಮುಖ ನೋಡಿ ತಾಯಿ ಬೆದರಿದಳು.

“ಕಾಮಾಲೆಯೇನೋ, ತಮಾ?”

“ಅಲ್ಲ ಆಯಿ, ಅದು ಮದ್ದಿನ ಬಣ್ಣ. ಚಳಿಜ್ವರದ್ದು.”

ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಅಂಥ ಮದ್ದೂ ಇತ್ತೇನೋ?” ಎಂದಳು.

ಆ ಪ್ರಶ್ನೆಗೆ ಮಗನಲ್ಲಿ ಉತ್ತರವಿರಲಿಲ್ಲ. ಸೈನಿಕನಿಗೆ ದೊರೆತ ಮದ್ದು ಸೈನಿಕನ ಮನೆಗೆ ಏಕೆ ದೊರೆಯಲಿಲ್ಲವೆಂಬುದಕ್ಕೆ ಬಾಯಿಮಾತಿನ ಉತ್ತರ ಸಾಲದು ಎಂದು ಅವನಿಗೆ ತೋರಿತು.

ಯುದ್ಧ ಮುಗಿದ ಬಳಿಕ, ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಮೊದಲಾಯಿತು. ಸೈನ್ಯವನ್ನು ಬಿಟ್ಟು ಬಂದಿದ್ದ ಅವನು ಆ ಕೆಲಸಕ್ಕೆ ಸೇರಿದನು. ಅವನ ಊರಿನವರು ಮೊದಲು ಒಪ್ಪಲಿಲ್ಲ. ದೇವರ ಕೋಣೆಗೆ ವಾಸನೆಯ ನೀರು ಹೊಡೆಯುವುದೆಂದರೇನು? ಆಗ ಅವನ ತಾಯಿಯೇ ತನ್ನ ಮನೆಯ ಬಾಗಿಲನ್ನು ತೆರೆದು, ದೇವರ ಪೀಠವನ್ನು ಬಟ್ಟೆಯಿಂದ ಮುಚ್ಚಿ, “ಒಳಗೂ ಹೊಡಿ” ಎಂದಳು. ಅವಳನ್ನು ನೋಡಿ ಉಳಿದ ಬಾಗಿಲುಗಳೂ ತೆರೆದವು.

ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಮಲೇರಿಯದಿಂದ ನರಳುತ್ತಿದ್ದರು. 8 ಲಕ್ಷ ಜನರು ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಯೋಜನೆಯೂ 1958ರಲ್ಲಿ ನಿರ್ಮೂಲನ ಯೋಜನೆಯೂ ಜಾರಿಗೆ ಬಂದವು. ಅವನು ಕುಮಟೆಯಿಂದ ಭಟ್ಕಳದವರೆಗೆ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಮನೆಮನೆಗೆ ನಡೆದು ಜ್ವರ ಬಂದವರ ಬೆರಳಿನಿಂದ ರಕ್ತದ ಹನಿಯನ್ನು ಗಾಜಿನ ಪಟ್ಟಿಗೆ ಇಳಿಸಿಕೊಳ್ಳುತ್ತಿದ್ದನು. ಗೋಡೆಯ ಮೇಲೆ ತಾನು ಬಂದ ತಾರೀಖನ್ನು ಬರೆಯುತ್ತಿದ್ದನು. ಗುಳಿಗೆಯನ್ನು ಕೊಟ್ಟು ಹಾಗೆಯೇ ಹೊರಟವನಲ್ಲ; ಅದು ಗಂಟಲಿನಿಂದ ಇಳಿಯುವವರೆಗೆ ಎದುರಿಗೇ ನಿಲ್ಲುತ್ತಿದ್ದನು.

ರೋಗವೆಂಬುದು ಮೈಮರೆತವರನ್ನು ಬಿಡುವುದಿಲ್ಲ. ಬಹುಮಟ್ಟಿಗೆ ಅಳಿಯಿತೆಂದುಕೊಂಡ ಮಲೇರಿಯವು 1976ರಲ್ಲಿ ದೇಶದಾದ್ಯಂತ 64 ಲಕ್ಷಕ್ಕೂ ಹೆಚ್ಚು ಜನರನ್ನು ಮತ್ತೆ ಹಿಡಿಯಿತು. ಆ ವೇಳೆಗೆ ಅವನ ತಲೆ ನರೆತಿತ್ತು. ಆದರೂ ಚೀಲವನ್ನು ಹೆಗಲಿಗೇರಿಸಿ ನಡೆದನು. ತಾಯಿ ಕೇಳಿದ ಪ್ರಶ್ನೆಯನ್ನು ಇನ್ನೊಬ್ಬ ತಾಯಿ ಕೇಳಬಾರದು ಎಂಬುದೊಂದೇ ಅವನ ಹಂಬಲವಾಗಿತ್ತು.