ಸಾಸ್ವೆಹಳ್ಳಿಯ ಗಸಗಸೆ

ರಾತ್ರಿ ಒಂದೂಮುಕ್ಕಾಲಿಗೆ ನನಗೆ ಎಚ್ಚರವಾಗುತ್ತದೆ. ಒಂದೂವರೆಗೂ ಅಲ್ಲ, ಎರಡಕ್ಕೂ ಅಲ್ಲ. ಲೆಕ್ಕ ಬರೆಯುವ ಕೆಲಸದಲ್ಲಿ ಮೂವತ್ತೆರಡು ವರ್ಷ ಸವೆಸಿದವನ ಮೈಗೆ ಹೊತ್ತು ತಪ್ಪದೆ ಹಾಜರಾಗುವುದೊಂದು ಚಟ. ಎಚ್ಚರವಾದದ್ದೇ ತಡ, ಮನಸ್ಸು ಒಲೆ ಹಚ್ಚಿ ಬಾಣಲೆ ಇಟ್ಟುಕೊಂಡು ಕೂತುಬಿಡುತ್ತದೆ. ಮೊದಲು ಅಡಿಕೆ ರೇಟು ಚಟ್ ಅಂತ ಸಿಡಿಯುತ್ತದೆ. ಅದರ ಹಿಂದೆ ಚೇಣಿಯವನ ಬಾಕಿ, ಬಾಕಿಯ ಹಿಂದೆ ದುಬೈಯಲ್ಲಿರುವ ಮಗಳು, ಮಗಳ ಹಿಂದೆ 1987ರಲ್ಲಿ ಒಬ್ಬ ಮನುಷ್ಯನಿಗೆ ತುಂಬಿದ ಸಭೆಯಲ್ಲಿ ಕೊಡಲಾಗದೆ ನುಂಗಿಕೊಂಡ ಉತ್ತರ. ಆ ಉತ್ತರ ಈಗ ಎಷ್ಟು ಚೆಂದವಾಗಿ, ಎಷ್ಟು ಚೊಕ್ಕವಾಗಿ ಹೊಳೆಯುತ್ತದೆ ಅಂತೀರಿ! ಕೇಳಬೇಕಾದವರು ಮಾತ್ರ ತೀರಿಕೊಂಡು ಹನ್ನೊಂದು ವರ್ಷವಾಯಿತು.

ನಮ್ಮೂರು ಸಾಸ್ವೆಹಳ್ಳಿ. ಹೊನ್ನಾಳಿ ತಾಲ್ಲೂಕಿನ ಹೋಬಳಿ ಊರು. 1997ರವರೆಗೆ ಶಿವಮೊಗ್ಗ ಜಿಲ್ಲೆಯವರಾಗಿದ್ದೆವು, ಆಮೇಲೆ ಕೂತಲ್ಲೇ ದಾವಣಗೆರೆಯವರಾದೆವು. ತುಂಗಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗೆ ಊರಿನ ಹೆಸರು ಬಿದ್ದ ಮೇಲೆ ದೂರದವರೂ ಪೇಪರಿನಲ್ಲಿ ನಮ್ಮನ್ನು ಓದುತ್ತಾರೆ. ಹೆಸರಿನಲ್ಲಿ ಸಾಸಿವೆ ಇದೆ, ಹೊಲದಲ್ಲಿ ಭತ್ತ, ಅಡಿಕೆ. ಸಾಸಿವೆ ಏನಿದ್ದರೂ ಒಗ್ಗರಣೆ ಡಬ್ಬಿಯಲ್ಲಿ, ಮತ್ತೆ ರಾತ್ರಿ ಒಂದೂಮುಕ್ಕಾಲರ ಮೇಲೆ ನನ್ನ ತಲೆಯಲ್ಲಿ.

ಮನೆಯವಳ ಮದ್ದು ಇನ್ನೊಂದು ಕಾಳು. ಸಾಸಿವೆಗಿಂತ ಸಣ್ಣದು, ಸಾಸಿವೆಯಷ್ಟು ಗಲಾಟೆಯಿಲ್ಲದ್ದು. "ಗಸಗಸೆ ಪಾಯಸ ಮಾಡ್ತೀನಿ, ಕುಡಿದು ಮಲಗ್ರಿ, ಬೆಳಗಿನ ತನಕ ಹೊರಳೋದಿಲ್ಲ." ಇದು ಅವಳ ಮಾತೂ ಅಲ್ಲ. ನಮ್ಮ ಅಜ್ಜಿಯದು, ಅಜ್ಜಿಗೆ ಅವಳ ಅತ್ತೆಯದು. ಮದುವೆಯೂಟದಲ್ಲಿ ಗಸಗಸೆ ಪಾಯಸ ಬಡಿಸಿದ್ದರೆ ಮಧ್ಯಾಹ್ನ ಚಪ್ಪರದ ಕೆಳಗೆ ಬೀಗರು ಸಾಲಾಗಿ ಉರುಳಿಕೊಂಡಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಜಮಖಾನೆ ಸುತ್ತುವವರು ಅವರನ್ನು ಎಬ್ಬಿಸಲಾರದೆ ಒದ್ದಾಡುತ್ತಿದ್ದರು.

ಅಜ್ಜಿ ಗಸಗಸೆಯನ್ನು ಚಿನ್ನದಂತೆ ಕಾಯುತ್ತಿದ್ದಳು. ಪೊಟ್ಟಣ ಬಿಚ್ಚಿದರೆ ನಾವು ಮಕ್ಕಳು ಹತ್ತಿರ ಉಸಿರಾಡುವಂತಿರಲಿಲ್ಲ, ಹಾರಿಹೋದೀತು ಅಂತ. ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಒಂದು ಹಿಡಿ ನೆನೆಸಿದ ಅಕ್ಕಿ, ತೆಂಗಿನಕಾಯಿ ಸೇರಿಸಿ ಒರಳಿಗೆ ಹಾಕುತ್ತಿದ್ದಳು. ಗಸಗಸೆ ಒಂದನ್ನೇ ಹಾಕಿದರೆ ಗುಂಡಿಗೆ ಸಿಗದು. ಇವತ್ತಿನ ಮಿಕ್ಸಿಗೂ ಅಷ್ಟೇ, ಬ್ಲೇಡಿನ ಕೆಳಗೆ ನುಸುಳಿ ಕೂತುಬಿಡುತ್ತದೆ. ಆಮೇಲೆ ಬೆಲ್ಲ, ಏಲಕ್ಕಿ, ಕಡೆಗೆ ಎಮ್ಮೆ ಹಾಲು. ನಿದ್ದೆ ಬಾರದವರಿಗೆ ಎಮ್ಮೆ ಹಾಲು ಹಿತ ಅಂತ ಚರಕಸಂಹಿತೆಯಲ್ಲಿದೆ ಎಂಬುದನ್ನು ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ. ಅಜ್ಜಿ ಹೆಬ್ಬೆಟ್ಟು. ಅವಳ ಕೊಟ್ಟಿಗೆಯಲ್ಲಿದ್ದದ್ದು ಎಮ್ಮೆ, ಆದ್ದರಿಂದ ಎಮ್ಮೆ ಹಾಲು.

ಚಿಕ್ಕಂದಿನಲ್ಲಿ ನನಗೆ ಈ ಗಸಗಸೆ ಶಾಲೆಯ ಹಿಂದಿನ ಗಸಗಸೆ ಮರದಿಂದಲೇ ಬರುತ್ತದೆ ಎಂಬ ನಂಬಿಕೆ. ಕೆಂಪು ಹಣ್ಣು ಹಿಚುಕಿದರೆ ಒಳಗೆ ಥೇಟ್ ಅದೇ ಪುಡಿ ಬೀಜ. ಜೇಬು ತುಂಬ ತಂದು ಅಜ್ಜಿಯ ಮುಂದೆ ಸುರಿದು ಪಾಯಸ ಮಾಡು ಅಂದಿದ್ದೆ. ಆ ಮರ ಅಮೆರಿಕದ ಕಡೆಯ ಬಿಸಿಲು ಸೀಮೆಯಿಂದ ಬಂದದ್ದು, ಬೀಜದ ಹೋಲಿಕೆಗೆ ನಮ್ಮವರು ಕರೆದ ಹೆಸರು ಅದು. ನಿಜವಾದ ಗಸಗಸೆಯ ಊರು ಬೇರೆ, ಜಾತಕವೂ ಬೇರೆ.

ಆ ಜಾತಕ ನೋಡಿದ ದಿನ ನಾನು ಸ್ವಲ್ಪ ಬೆವರಿದೆ. ಪಾರಸಿಯ ಖಶ್‌ಖಾಶ್ ನಮ್ಮ ಬಾಯಲ್ಲಿ ಗಸಗಸೆಯಾಗಿದೆ. ಗಿಡಕ್ಕೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಪಪಾವರ್ ಸೊಮ್ನಿಫೆರಮ್, ನಿದ್ದೆ ತರುವ ಪಪಾವರ್ ಎಂದೇ ಅರ್ಥ. ಅಂದರೆ ಅಫೀಮಿನ ಗಿಡ! ಹಸಿ ಕಾಯಿಯ ಮೈಗೆ ಗೀರು ಹಾಕಿದರೆ ಒಸರುವ ಹಾಲು ಅಫೀಮು; ಅದೇ ಕಾಯಿ ಒಣಗಿದರೆ ಒಳಗೆ ಗಸಗಸೆ. ನಮ್ಮ ಅಜ್ಜಿ, ಮುತ್ತಜ್ಜಿ, ಮಡಿಯುಟ್ಟು ಪಾಯಸ ಕದಡಿದ ಅಷ್ಟೂ ಹೆಂಗಸರು ಆ ಗಿಡದ ಸಹವಾಸ ಮಾಡಿದವರು ಎಂದು ಯಾರಿಗೆ ಹೇಳುವುದು?

ಈ ಕಾಯಿಯ ಹಾಲಿನಿಂದ ಕಂಪನಿ ಸರ್ಕಾರ ಬೊಕ್ಕಸ ತುಂಬಿಕೊಂಡಿತು. ಬಿಹಾರ, ಬನಾರಸಿನ ಕಡೆಯ ರೈತರಿಂದ ಬೆಳೆಸಿ, ಗಾಜೀಪುರದಂಥ ಊರುಗಳ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿಸಿ, ಚೀನಾಕ್ಕೆ ಸಾಗಿಸಿ, ಬೇಡ ಅಂದ ಚೀನಾದ ಮೇಲೆ 1839ರಲ್ಲಿ ಬ್ರಿಟಿಷರು ಯುದ್ಧವನ್ನೇ ಹೂಡಿದರು. ಗಾಜೀಪುರದ ಆ ಕಾರ್ಖಾನೆ ಈಗಲೂ ಇದೆ, ಸರ್ಕಾರದ್ದು, ಔಷಧಿಗಾಗಿ. ಹಾಲೆಲ್ಲ ಕಂಪನಿಗೆ ಹೋದ ಮೇಲೆ ಉಳಿದ ಬೀಜವನ್ನು ರೈತರ ಹೆಂಗಸರು ಅರೆದು ಅಡುಗೆಗೆ ಹಾಕಿಕೊಂಡರಂತೆ, ಬಂಗಾಳಿಗಳ ಪೋಸ್ತೊ ಹಾಗೆ ಹುಟ್ಟಿತಂತೆ. ಕಥೆ ಎಷ್ಟು ನಿಜವೋ, ನನಗಂತೂ ನಂಬಬೇಕೆನಿಸುತ್ತದೆ. ಕೊಪ್ಪರಿಗೆ ಇನ್ನೊಬ್ಬನ ಪಾಲಾದಾಗ ಚರಟದಲ್ಲಿ ಹಬ್ಬ ಮಾಡುವುದು ಹೆಂಗಸರಿಗೆ ಎಲ್ಲ ಸೀಮೆಯಲ್ಲೂ ಗೊತ್ತು.

1985ರ ಮಾದಕ ವಸ್ತು ಕಾಯ್ದೆ ಗಿಡವನ್ನು ಹಿಡಿಯಿತು, ಹಾಲನ್ನು ಹಿಡಿಯಿತು, ಒಣಗಿದ ಸಿಪ್ಪೆಯನ್ನೂ ಹಿಡಿಯಿತು. ಕೊಯ್ದ ಮೇಲಿನ ಬೀಜವೊಂದನ್ನು ಬಿಟ್ಟಿತು. ಪುಣ್ಯಾತ್ಮರು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಲೈಸೆನ್ಸ್ ಇದ್ದವರು ಮಾತ್ರ ಬೆಳೆಯಬಹುದು. ಹಾಲೆಲ್ಲ ತೂಗಿ ಸರ್ಕಾರಕ್ಕೆ ಒಪ್ಪಿಸಬೇಕು, ಬೀಜ ಮಾರಿದ ಕಾಸು ರೈತನದು. ಈ ಪುರಾಣದಲ್ಲಿ ನನಗೆ ಬಹಳ ಹಿಡಿಸಿದ್ದು ನೀಮಚ್ ಕಡೆಯ ಸುದ್ದಿ. ಕಾಯಿ ಗೀರುವ ಕಾಲದಲ್ಲಿ ಅಲ್ಲಿಯ ರೈತರು ರಾತ್ರಿಯೆಲ್ಲ ಹೊಲ ಕಾಯುತ್ತಾರೆ, ಕಳ್ಳರ ಕಾಟಕ್ಕೆ. ಹಗಲು ಗಿಳಿಗಳು. ಅಫೀಮಿನ ರುಚಿ ಹತ್ತಿದ ಗಿಳಿಗಳು ಗದರಿಸಿದರೂ ಹಾರುವುದಿಲ್ಲವಂತೆ, ಕಾಯಿ ಕಚ್ಚಿಕೊಂಡೇ ಹೋಗುತ್ತವಂತೆ. ಜಗತ್ತಿಗೆಲ್ಲ ನಿದ್ದೆ ಬೆಳೆದುಕೊಡುವವನಿಗೆ ತನ್ನ ಪಾಲಿನದಿಲ್ಲ. ನಮ್ಮಲ್ಲಿ ಅಡಿಕೆ ಕೊಯ್ಲಿನ ತಿಂಗಳಲ್ಲಿ ಸುಲಿಯುವ ಹೆಂಗಸರು ಲೈಟಿನ ಕೆಳಗೆ ನಡುರಾತ್ರಿ ದಾಟಿಸುವುದು, ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಗಂಡಸರು ಟಾರ್ಚು ಹಿಡಿದು ತೋಟಕ್ಕೆ ಹೋಗುವುದು ನೆನಪಾಯಿತು.

ಹೋದ ವರ್ಷ ಮಗಳಿಗೆ ಗಂಟು ಕಟ್ಟುವಾಗ ಮನೆಯವಳು ಸಾರಿನ ಪುಡಿ, ಮೆಂತ್ಯದ ಹಿಟ್ಟಿನ ಜೊತೆ ಕಾಲು ಕಿಲೋ ಗಸಗಸೆ ಇಟ್ಟಿದ್ದಳು. ಫೋನಿನಲ್ಲಿ ಪಟ್ಟಿ ಕೇಳಿದ ಮಗಳು ಕಿರುಚಿದಳು: "ಅವ್ವಾ, ಗಸಗಸೆ ತೆಗಿ! ಇಲ್ಲಿ ಅದನ್ನ ತಂದ್ರೆ ಜೈಲಿಗೆ ಹಾಕ್ತಾರೆ." ಅವಳಿಗೂ ಅಲ್ಲಿ ನಿದ್ದೆಯಿಲ್ಲ. ನಮ್ಮ ಒಂದೂಮುಕ್ಕಾಲು ಅವಳಿಗೆ ಹನ್ನೆರಡೂಕಾಲು. ಮನೆಯವಳು ಪೊಟ್ಟಣ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು, ಯಾರೋ ನೋಡಿಯಾರು ಎಂಬಂತೆ.

ಶಿವಮೊಗ್ಗದ ಡಾಕ್ಟರೊಬ್ಬರು ನನಗೆ ಮಾತ್ರೆ ಬರೆಯಲಿಲ್ಲ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಬಿದ್ದುಕೊಂಡಿರಬೇಡಿ, ಎದ್ದು ಬೇರೆ ಕಡೆ ಕೂತು ಏನಾದರೂ ಸಣ್ಣ ಕೆಲಸ ಮಾಡಿ, ಕಣ್ಣೆಳೆದಾಗ ಬಂದು ಮಲಗಿ, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ, ಫೋನು ಮುಟ್ಟಬೇಡಿ ಅಂದರು. ಗಸಗಸೆಯ ಬಗ್ಗೆ ಕೇಳಿದೆ. ನಕ್ಕರು. ಬೀಜದಲ್ಲಿ ಅಫೀಮಿನ ಅಂಶ ಇರುವುದೇ ಚೂರುಪಾರು, ಅದೂ ಕಾಯಿಯ ಹಾಲು ಮೈಗೆ ಅಂಟಿದ್ದರೆ. ತೊಳೆದು, ಹುರಿದು, ಅರೆದರೆ ಅದರಲ್ಲೂ ಬಹುಪಾಲು ಹೋಗುತ್ತದೆ ಅಂದರು. ಅಂದರೆ ಚಪ್ಪರದ ಕೆಳಗಿನ ಬೀಗರನ್ನು ಉರುಳಿಸಿದ್ದು ಹೋಳಿಗೆ, ತುಪ್ಪ ಮತ್ತು ಹಿಂದಿನ ರಾತ್ರಿಯ ಇಸ್ಪೀಟು. ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಪಾಯಸ ನಿಂತೀತು.

ಡಾಕ್ಟರ ಮಾತಿನಂತೆ ಸಣ್ಣ ಕೆಲಸ, ಮನೆಯವಳ ಮಾತಿನಂತೆ ಗಸಗಸೆ. ಎರಡನ್ನೂ ಕೂಡಿಸಿ, ಕಳೆದ ತಿಂಗಳು ಒಂದು ರಾತ್ರಿ ಯಾರನ್ನೂ ಎಬ್ಬಿಸದೆ ನಾನೇ ಅಡುಗೆಮನೆಗೆ ನಡೆದೆ. ದೀಪ ಹಾಕಿದರೆ ಎಲ್ಲರಿಗೂ ಎಚ್ಚರವಾದೀತು ಅಂತ ಹಾಕಲಿಲ್ಲ. ಕನ್ನಡಕ ಹಾಸಿಗೆಯ ಹತ್ತಿರವೇ ಉಳಿಯಿತು. ಸೊಸೆ ತಂದಿಟ್ಟ ಹನ್ನೆರಡು ಡಬ್ಬಿಗಳೂ ಒಂದೇ ಅಳತೆ, ಒಂದೇ ಮುಚ್ಚಳ. ಬೆರಳಿಗೆ ಸಣ್ಣ ಕಾಳು ಸಿಕ್ಕಿತು. ಬಾಣಲೆ ಚೆನ್ನಾಗಿ ಕಾದಿತ್ತು. ಒಂದು ಹಿಡಿ ಸುರಿದೆ.

ಸಾಸಿವೆ! ಬೇಸಿಗೆ ಮಳೆಯ ಮೊದಲ ಆಲಿಕಲ್ಲಿನ ಹಾಗೆ ಗೋಡೆಗೆ, ತಗಡಿಗೆ, ನನ್ನ ಬೋಳುತಲೆಗೆ. ಸೊಸೆ ಓಡಿಬಂದಳು, ಕೈಯಲ್ಲಿ ಫೋನು ಉರಿಯುತ್ತಿತ್ತು, ಮಲಗಿದ್ದವಳಲ್ಲ. ಮಗ ಆಗಲೇ ಅಂಗಿ ತೊಟ್ಟಿದ್ದ, ಮೋಟಾರು ಹಾಕಲು ಕರೆಂಟು ಕಾಯುತ್ತಿದ್ದನಂತೆ. ಪಕ್ಕದ ಮನೆಯ ಕಿಟಕಿಯಿಂದ "ಏನಾಯ್ತು ಯಜಮಾನ್ರೇ?" ಅಂತ ಕೂಗು ಬಂತು. ಅಷ್ಟು ಬೇಗ ಕೂಗಿದ್ದನ್ನು ನೋಡಿದರೆ ಅವರೂ ಎದ್ದೇ ಇದ್ದರು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನು ಬುದ್ಧ ಸಾವಿಲ್ಲದ ಮನೆಯ ಸಾಸಿವೆಗೆ ಕಳಿಸಿದ. ಅವಳು ನಮ್ಮೂರಿಗೆ ಬಂದು ನಿದ್ದೆಗೆಟ್ಟವರಿಲ್ಲದ ಮನೆಯ ಸಾಸಿವೆ ಕೇಳಿದ್ದರೂ ಬರಿಗೈಯಲ್ಲೇ ಹೋಗಬೇಕಿತ್ತು.

ಮನೆಯವಳು ದೀಪ ಹಾಕಿ ಬಾಣಲೆ ನೋಡಿದಳು, ನನ್ನ ತಲೆ ನೋಡಿದಳು. "ಊರ ಹೆಸರು ಉಳಿಸಿದ್ರಿ ಬಿಡ್ರಿ" ಅಂದು, ಕಸಬರಿಗೆ ನನ್ನ ಕೈಗೆ ಕೊಟ್ಟು, ಸರಿಯಾದ ಡಬ್ಬಿ ಇಳಿಸಿಕೊಂಡಳು. ಮಗ ತೋಟಕ್ಕೆ ಹೊರಟವನು ಬಾಗಿಲಲ್ಲೇ ಕೂತ. ಸೊಸೆ ಕಾಯಿ ತುರಿದಳು. ಗಲಾಟೆಗೆ ಎದ್ದು ಬಂದ ಮೊಮ್ಮಗ, "ತಾತಾ, ಪಟಾಕಿ ಹೊಡೆದ್ಯಾ?" ಅಂತ ಕಣ್ಣುಜ್ಜಿಕೊಂಡು ತೊಡೆಯೇರಿದ. 1987ರ ಸಭೆಯ ಕಥೆಯನ್ನು ಅವತ್ತು ಮೊದಲ ಸಲ ಬಾಯಿಬಿಟ್ಟು ಹೇಳಿದೆ, ನುಂಗಿಕೊಂಡ ಉತ್ತರವನ್ನೂ ಸೇರಿಸಿ. ಯಾರೂ ಅಂಥಾದ್ದೇನೂ ಮೆಚ್ಚಲಿಲ್ಲ. "ಅಷ್ಟೇನಾ?" ಅಂದ ಮಗ.

ಪಾಯಸ ಕುದಿದು, ಲೋಟಕ್ಕೆ ಬಿದ್ದು, ಏಲಕ್ಕಿಯ ಘಮ ಏಳುವ ಹೊತ್ತಿಗೆ ಮೊಮ್ಮಗ ತೊಡೆಯ ಮೇಲೇ ನಿದ್ದೆ ಹೋಗಿದ್ದ. ನನ್ನ ಲೋಟ ಕಟ್ಟೆಯ ಮೇಲೆ, ಒಂದು ಮೊಳ ದೂರ. ಕಾಲು ಜೋಮು ಹಿಡಿದಿತ್ತು. ಅಲುಗಾಡದೆ ಕೂತೆ.