ನಿಲ್ದಾಣಕ್ಕೆ ಕಾಲು ಬಂದಾಗ

ಬಸ್ಸಿಗೆ ಚಕ್ರವಿದೆ, ಪ್ರಯಾಣಿಕನಿಗೆ ಕಾಲಿದೆ. ಇವೆರಡರ ನಡುವೆ ಕದಲದೆ ಇರಬೇಕಾದ ವಸ್ತುವೊಂದಿದ್ದರೆ ಅದು ನಿಲ್ದಾಣ. ಆದರೆ ನಗರಗಳು ಬೆಳೆದಂತೆಲ್ಲ ನಿಲ್ದಾಣಗಳಿಗೂ ಕಾಲು ಮೂಡುತ್ತವೆ. ಊರ ನಡುವೆ ಇದ್ದದ್ದು ಒಂದು ದಿನ ಊರಾಚೆಗೆ ನಡೆದುಹೋಗುತ್ತದೆ. ಅದನ್ನು ನೆಚ್ಚಿಕೊಂಡಿದ್ದವನು ಗಂಟುಮೂಟೆ ಹೊತ್ತು ಅದರ ಬೆನ್ನು ಹತ್ತಬೇಕಾಗುತ್ತದೆ.

ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣವನ್ನೇ ನೋಡಬಹುದು. ಅದು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಯ ಬಾಯಾರಿಕೆ ತಣಿಸಿದ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಬತ್ತಿದ ಅಂಗಳದಲ್ಲಿ ಸರ್ಕಸ್ಸಿನ ಡೇರೆಗಳು ಎದ್ದವು, ಸಭೆಗಳು ನೆರೆದವು. 1960ರ ದಶಕದಲ್ಲಿ ಬಸ್ಸುಗಳು ಬಂದು ನಿಂತವು. ನೀರು ಹರಿದು ಸೇರುತ್ತಿದ್ದ ತಗ್ಗಿಗೆ ಜನ ಹರಿದು ಸೇರತೊಡಗಿದರು. ಎದುರಿಗೆ ರೈಲು ನಿಲ್ದಾಣ, ಮಗ್ಗುಲಲ್ಲಿ ಗಾಂಧಿನಗರದ ವಸತಿಗೃಹಗಳು, ನಡೆದು ಹೋಗುವಷ್ಟು ದೂರದಲ್ಲಿ ಚಿಕ್ಕಪೇಟೆ, ಕಾಟನ್‌ಪೇಟೆ. ಈ ನೆರೆಹೊರೆ ಯಾರೋ ನಕ್ಷೆಯಲ್ಲಿ ಬರೆದು ತಂದದ್ದಲ್ಲ. ಹಿತ್ತಿಲ ಬಳ್ಳಿಯಂತೆ ತಾನಾಗಿ ಹಬ್ಬಿದ್ದು. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟದ್ದಾಯಿತು. ಜನ ಮಾತ್ರ ಇಂದಿಗೂ ಅದನ್ನು ಕರೆಯುವುದು ಇಲ್ಲವಾಗಿ ಹೋದ ಒಂದು ಚಿತ್ರಮಂದಿರದ ಹೆಸರಿನಿಂದ!

ಹುಬ್ಬಳ್ಳಿಯ ಕಡೆಯ ರಾತ್ರಿ ಬಸ್ಸು ನಸುಕಿನಲ್ಲಿ ಬಂದು ನಿಂತಾಗ ಇಳಿಯುವವರನ್ನು ಗಮನಿಸಬೇಕು. ಬಟ್ಟೆಯಂಗಡಿಯ ಶೆಟ್ಟರೊಬ್ಬರು ಮುಖ ತೊಳೆದು, ಇಡ್ಲಿ ತಿಂದು, ಚಿಕ್ಕಪೇಟೆಯ ಬಾಗಿಲು ತೆರೆಯುವುದನ್ನೇ ಕಾಯುತ್ತಾರೆ. ಸಂಜೆಯ ಬಸ್ಸಿಗೆ ಸರಕಿನೊಡನೆ ಮರಳಿದರೆ ವಸತಿಗೃಹದ ಬಾಡಿಗೆ ಉಳಿಯಿತು. ಅವರ ಹಿಂದೆಯೇ, ಜ್ವರದ ಮಗನನ್ನು ತೋಳಿಗೆ ಆನಿಸಿಕೊಂಡು ಇಳಿಯುವ ತಾಯಿ. ವಿಕ್ಟೋರಿಯಾ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ಆಕೆ ಹೊತ್ತೇರುವುದರೊಳಗೆ ನಿಲ್ಲಬೇಕು.

“ಯಪ್ಪಾ, ದೊಡ್ಡ ದವಾಖಾನಿಗೆ ಹೆಂಗ ಹೋಗಬೇಕೋ?”

“ಮಾರ್ಕೆಟ್ಟಿನ ಬಸ್ಸು ಹತ್ತಬೇ ಯವ್ವಾ, ಅಲ್ಲೇ ಮಗ್ಗಲಕ ಐತಿ,” ಎನ್ನುತ್ತಾನೆ ಕಂಡಕ್ಟರು.

ಅಷ್ಟೇ ಮಾತು. ಆ ‘ಅಲ್ಲೇ ಮಗ್ಗಲಕ’ ಎಂಬುದರಲ್ಲಿ ಊರ ನಡುವಣ ನಿಲ್ದಾಣದ ಬೆಲೆಯೆಲ್ಲ ಅಡಗಿದೆ.

ಹಾಗೆಂದು ಯೋಜಕರನ್ನು ನಿರ್ದಯರೆನ್ನಲಾಗದು. ದೂರದೂರುಗಳ ನೂರಾರು ಬಸ್ಸುಗಳು ಊರಿನ ಎದೆಯವರೆಗೆ ಬಂದು ತಿರುಗಬೇಕು. ಆ ಉದ್ದನೆಯ ಗಾಡಿಗಳು ಯಶವಂತಪುರದ ಇಕ್ಕಟ್ಟಿನಲ್ಲಿ ತೆವಳುವ ಹೊತ್ತು, ಸುಡುವ ಎಣ್ಣೆ, ಉಗುಳುವ ಹೊಗೆ ಕಡಮೆಯದೇನಲ್ಲ. ನಾಲ್ಕು ದಿಕ್ಕಿನ ಬಸ್ಸುಗಳಿಗೆ ನಾಲ್ಕು ಹೆಬ್ಬಾಗಿಲುಗಳಿರಲಿ ಎಂಬ ವಿಚಾರ ಕಾಗದದ ಮೇಲೆ ಬಹಳ ಚೆಲುವಾಗಿ ಕಾಣುತ್ತದೆ. ಕಾಗದಕ್ಕೆ ಹೊರೆ ಹೊತ್ತು ಅಭ್ಯಾಸವಿಲ್ಲ, ಅಷ್ಟೆ.

2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ನಿಲ್ದಾಣ ತೆರೆಯಿತು. ಕಟ್ಟಡ ವಿಶಾಲ, ಅಂಕಣಗಳು ಸಾಲುಸಾಲು. ಉತ್ತರ ಹಾಗೂ ಪಶ್ಚಿಮ ದಿಕ್ಕಿನ ಬಸ್ಸುಗಳನ್ನು ಅಲ್ಲಿಗೆ ಒಯ್ದರು. ಬಸ್ಸುಗಳೇನೋ ಹೋದವು, ಪ್ರಯಾಣಿಕ ಹೋಗಲಿಲ್ಲ. ಅಲ್ಲಿಗೆ ಮುಟ್ಟಲು ಮೆಜೆಸ್ಟಿಕ್ಕಿನಿಂದ 10-12 ಕಿಲೋಮೀಟರು. ಬನಶಂಕರಿಯವನು ಮೊದಲು ಮೆಜೆಸ್ಟಿಕ್ಕಿಗೆ ಬಂದು, ಇನ್ನೊಂದು ಬಸ್ಸು ಹಿಡಿದು, ಪೀಣ್ಯದಲ್ಲಿ ಇಳಿದು, ಆಮೇಲೆ ಊರಿನ ಬಸ್ಸು ಹತ್ತಬೇಕು. ಮೆಟ್ರೋ ರೈಲು ಇರಲಿಲ್ಲವೇ? ಇತ್ತು. ಆ ವರ್ಷದ ಮಾರ್ಚಿಯಲ್ಲೇ ಪೀಣ್ಯದ ಕಡೆಗೆ ಓಡತೊಡಗಿತ್ತು. ಆದರೆ ಅದರ ಇನ್ನೊಂದು ತುದಿ ಸಂಪಿಗೆ ರಸ್ತೆಯಲ್ಲೇ ನಿಂತಿತ್ತು. ಆ ಹಾದಿ ಮೆಜೆಸ್ಟಿಕ್ಕನ್ನು ಮುಟ್ಟಿದ್ದು 2017ರ ಜೂನಿನಲ್ಲಿ. ಮದುಮಗಳನ್ನು ಮೊದಲು ಕಳುಹಿಸಿ ಮೂರು ವರ್ಷದ ಮೇಲೆ ಬಂಡಿ ಹೂಡಿದಂತಾಯಿತು. ಆನಂದರಾವ್ ವೃತ್ತದ ಬಳಿಯಿಂದ ಹೊರಡುವ ಖಾಸಗಿ ಬಸ್ಸುಗಳು ಇರುವಾಗ ಯಾವ ಸಂಸಾರಸ್ಥ ಈ ಪಾಡು ಪಡುತ್ತಾನೆ? ಕೆಲವೇ ತಿಂಗಳುಗಳಲ್ಲಿ ಬಸ್ಸುಗಳು ಬಂದ ದಾರಿಗೆ ಸುಂಕವಿಲ್ಲವೆಂದು ಮೆಜೆಸ್ಟಿಕ್ಕಿಗೆ ಮರಳಿದವು. ಹೊಸ ಕಟ್ಟಡ ಬಿಕೋ ಎಂದಿತು. ಅದನ್ನು ಬಾಡಿಗೆಗೆ ಕೊಡುವ ಮಾತೂ ಎದ್ದಿತು.

ನೆರೆಯ ಚೆನ್ನೈ ಇದರಲ್ಲಿ ಹೆಚ್ಚು ಹಟಮಾರಿ. ಪ್ಯಾರಿಸ್ ಮೂಲೆಯ ಇಕ್ಕಟ್ಟಿನಲ್ಲಿದ್ದ ಹೊರೂರು ಬಸ್ಸುಗಳನ್ನು 2002ರಲ್ಲಿ ಕೋಯಂಬೇಡಿಗೆ ಸಾಗಿಸಿತು. ಸಗಟು ತರಕಾರಿ ಮಾರುಕಟ್ಟೆ ಅದಕ್ಕೆ ಮೊದಲೇ ಅಲ್ಲಿ ಬೇರೂರಿತ್ತು; ಊರೂ ಆ ಕಡೆಗೇ ಬೆಳೆಯಿತು; ಜನ ಗೊಣಗುತ್ತ ಒಗ್ಗಿಕೊಂಡರು. ಒಗ್ಗಿಕೊಳ್ಳುವಷ್ಟರಲ್ಲಿ ಅದೂ ಊರ ನಡುವೆಯೇ ಆಗಿಹೋಯಿತು! 2023ರ ಡಿಸೆಂಬರಿನಲ್ಲಿ ದಕ್ಷಿಣ ದಿಕ್ಕಿನ ಬಸ್ಸುಗಳಿಗಾಗಿ ವಂಡಲೂರಿನ ಆಚೆ, ಕಿಲಾಂಬಾಕ್ಕಂನಲ್ಲಿ ಇನ್ನೊಂದನ್ನು ತೆರೆದರು. ಅಲ್ಲಿಯೂ ಅದೇ ವಿನೋದ: ಸಮೀಪದಲ್ಲೇ ರೈಲು ಹಳಿ ಹಾದುಹೋಗಿದೆ, ರೈಲು ನಿಲ್ಲುವ ಕಟ್ಟೆ ಮಾತ್ರ ಆಗ ಇರಲಿಲ್ಲ. ಕಣ್ಣೆದುರಿಗೇ ರೈಲು ಓಡುತ್ತಿದ್ದರೂ ಪ್ರಯಾಣಿಕ ಆಟೋದವನೊಡನೆ ಚೌಕಾಸಿಗೆ ಇಳಿಯಬೇಕಾಯಿತು.

ಎರಡು ಊರುಗಳಲ್ಲೂ ತಪ್ಪಿದ್ದು ಜಾಗದ ಆಯ್ಕೆಗಿಂತ ಹೆಚ್ಚಾಗಿ ಕೆಲಸದ ಸರದಿ. ಬಸ್ಸಿನ ಕೊನೆಯ ನಿಲುಗಡೆ ಪ್ರಯಾಣಿಕನ ಕೊನೆಯ ನಿಲುಗಡೆಯಲ್ಲ. ಅಲ್ಲಿಂದಾಚೆಗಿನ ಗಾವುದ ಲೆಕ್ಕಪತ್ರದಲ್ಲಿ ಬರುವುದಿಲ್ಲ. ಮೂನ್ನೂರೈವತ್ತು ಕಿಲೋಮೀಟರು ಹಾದು ಬಂದವನನ್ನು ದಣಿಸುವುದು ಕಡೆಯ ಹತ್ತೇ.

ಈಗ ಸರದಿ ಮತ್ತೆ ಮೆಜೆಸ್ಟಿಕ್ಕಿನದು. ಇದ್ದ ಜಾಗದಲ್ಲೇ ಅದನ್ನು ದೊಡ್ಡ ಸಾರಿಗೆ ಕೇಂದ್ರವಾಗಿ ಹೊಸದಾಗಿ ಕಟ್ಟುವ ಯೋಜನೆ 2025ರ ರಾಜ್ಯ ಆಯವ್ಯಯದಲ್ಲಿ ಕಾಣಿಸಿಕೊಂಡಿತು. ಊರ ನಡುವೆಯೇ ಉಳಿಸುವ ಮನಸ್ಸು ಬಂದದ್ದು ಸಂತೋಷವೇ. ಆದರೆ ಕಟ್ಟುವಷ್ಟು ಕಾಲ ಬಸ್ಸುಗಳು ಎಲ್ಲಿ ನಿಲ್ಲಬೇಕು? ಅಂಥ ‘ತಾತ್ಕಾಲಿಕ’ ನೆಲೆ ವರ್ಷಗಟ್ಟಲೆ ಎಳೆಯುವುದುಂಟು. ನಕ್ಷೆ ಬರೆಯುವ ಮಹನೀಯರು ಒಂದು ನಸುಕಿನಲ್ಲಿ, ಕೈಯಲ್ಲೊಂದು ಟ್ರಂಕು ಹಿಡಿದು, ಹುಬ್ಬಳ್ಳಿಯ ಬಸ್ಸಿನಿಂದ ಇಳಿದು ನೋಡಬಾರದೇ? ‘ದೊಡ್ಡ ದವಾಖಾನಿ’ಯ ದಾರಿ ಕೇಳುವ ಆ ತಾಯಿ ಅಂದೂ ಅವರ ಹಿಂದೆಯೇ ಇಳಿಯುತ್ತಿರುತ್ತಾಳೆ.